ಮನೆ ನೋಡಲು ಬಂದ ಗೀಜಗ
(ದತ್ತಿ ಉಪನ್ಯಾಸದ ಪಠ್ಯ)



ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ವಿಜ್ಞಾನದ ವಿಷಯವೊಂದನ್ನು ಕನ್ನಡದಲ್ಲಿ, ಮನೆಮಂದಿಗೆ ತಿಳಿಯುವ ಹಾಗೆ ಮಾತನಾಡಬೇಕು ಎಂದು ಈ ದತ್ತಿಯನ್ನಿಟ್ಟವರು ಬರೆದಿಟ್ಟಿದ್ದಾರಂತೆ. ನನ್ನನ್ನು ಕರೆದಾಗ ವಿಷಯ ಯಾವುದು ಎಂದು ಕೇಳಿದರು. 'ಸಂಗಾತಿಯ ಆಯ್ಕೆಯ ಬಗ್ಗೆ ವಿಕಾಸ ಮನೋವಿಜ್ಞಾನ ಏನು ಹೇಳುತ್ತದೆ' ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮೇಡಂ, ಕಾರ್ಯಕ್ರಮಕ್ಕೆ ಹಿರಿಯರೂ ಬರ್ತಾರೆ" ಎಂದರು. ಬರಲಿ, ಬರಲೇಬೇಕು ಎಂದೆ. ಈ ವಿಜ್ಞಾನದ ಪುಸ್ತಕಗಳನ್ನು ಓದುತ್ತಾ ಹೋದ ಹಾಗೆಲ್ಲ ನನಗೆ ಅನಿಸಿದ್ದು ಒಂದೇ: ಇವರು ಹುಡುಗ–ಹುಡುಗಿಯನ್ನು ತಂದು ಎದುರುಬದುರು ಕೂರಿಸಿದ್ದಾರೆ, ಹಿರಿಯರನ್ನು ಮಾತ್ರ ಕರೆಯುವುದು ಮರೆತಿದ್ದಾರೆ.

ನಾನು ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳು. ಅಭ್ಯಾಸ ಬಿಡುವುದಿಲ್ಲ, ಮನುಷ್ಯರಿಗಿಂತ ಮೊದಲು ಒಂದು ಹಕ್ಕಿಯ ಕತೆ ಹೇಳಿಬಿಡುತ್ತೇನೆ. ಮಳೆಗಾಲ ಹಿಡಿಯುತ್ತಿದ್ದಂತೆ ಗದ್ದೆ ಬಯಲಿನ ಜಾಲಿ ಮರದಲ್ಲಿ, ಈಚಲು ಮರದಲ್ಲಿ, ಬಾವಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ಗೀಜಗದ ಗೂಡು ತೂಗುವುದನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ನೇಯುವುದು ಗಂಡು. ಭತ್ತದ ಗರಿ, ಕಬ್ಬಿನ ಗರಿ, ಈಚಲ ಗರಿಯನ್ನು ಎಳೆ ಎಳೆಯಾಗಿ ಸೀಳಿ ತಂದು, ಗಂಟು ಹಾಕಿ, ಹೆಣೆಯುತ್ತದೆ. ಆದರೆ ಪೂರ್ತಿ ಮಾಡುವುದಿಲ್ಲ. ಗೂಡು ಬೋರಲು ಹಾಕಿದ ಟೊಪ್ಪಿಗೆಯ ಆಕಾರಕ್ಕೆ ಬಂದಾಗ ಕೈಬಿಟ್ಟು, ಅದಕ್ಕೇ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಕೂಗುತ್ತದೆ. ಹೆಣ್ಣುಗಳು ಬರುತ್ತವೆ. ಒಳಗೆ ಹೋಗುತ್ತವೆ, ಎಳೆ ಜಗ್ಗಿ ನೋಡುತ್ತವೆ, ಹೊರಗೆ ಬಂದು ಪಕ್ಕದ ಗೂಡಿಗೆ ಹೋಗುತ್ತವೆ. ಯಾವುದಾದರೂ ಹೆಣ್ಣು ಒಪ್ಪಿದರೆ ಗಂಡು ಉಳಿದ ಕೆಲಸವನ್ನು, ಆ ಉದ್ದನೆಯ ಕೊಳವೆ ಬಾಗಿಲನ್ನು ಮುಗಿಸಿಕೊಡುತ್ತದೆ. ಹೆಣ್ಣು ಒಳಗೆ ಮೊಟ್ಟೆಯಿಡುವಷ್ಟರಲ್ಲಿ ಗಂಡು ಅದೇ ಮರದಲ್ಲಿ ಇನ್ನೊಂದು ಗೂಡು ಶುರು ಮಾಡಿರುತ್ತದೆ, ಇನ್ನೊಂದು ಹೆಣ್ಣಿಗೆ. ತರಗತಿಯಲ್ಲಿ ಇಲ್ಲಿಗೆ ಬಂದಾಗ ಹುಡುಗರ ಬೆಂಚುಗಳಿಂದ ನಗು ಬರುತ್ತಿತ್ತು. ಯಾರೂ ಒಪ್ಪದ ಅರೆಗೂಡುಗಳು ಹಾಗೇ ಒಣಗಿ ಉದುರುತ್ತವೆ ಎಂದಾಗ ಹುಡುಗಿಯರ ಬೆಂಚುಗಳಿಂದ.

ಇಷ್ಟು ಚೆಂದದ ನೇಯ್ಗೆಯನ್ನು ನೋಡಿಯೇ ಹೆಣ್ಣು ಮಾರುಹೋಗುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಸುಹೇಲ್ ಕ್ವಾದರ್ ಎಂಬ ಪರಿಸರ ವಿಜ್ಞಾನಿ ಗೀಜಗಗಳ ಗುಂಪುಗಳನ್ನು ಬಿಡದೆ ಗಮನಿಸಿ ಬರೆದದ್ದು ಬೇರೆಯೇ. ಹೆಣ್ಣು ಹೆಚ್ಚಾಗಿ ನೋಡುವುದು ನೇಯ್ಗೆಯ ಸೊಗಸಲ್ಲ, ಗೂಡು ಇರುವ ಜಾಗ. ಎಷ್ಟು ಎತ್ತರದಲ್ಲಿದೆ, ಕೊಂಬೆ ಎಷ್ಟು ಗಟ್ಟಿಯಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಗಂಡು ನೋಡಲು ಬಂದದ್ದಲ್ಲ, ಮನೆ ನೋಡಲು ಬಂದದ್ದು.

ಹೆಣ್ಣು ಆರಿಸುತ್ತದೆ ಎಂಬ ಮಾತನ್ನು ವಿಜ್ಞಾನದೊಳಗೆ ಮೊದಲು ತಂದವನು ಡಾರ್ವಿನ್. ಅವನಿಗೆ ನವಿಲು ದೊಡ್ಡ ತಲೆನೋವಾಗಿತ್ತು. ಬದುಕಿ ಉಳಿಯಲು ನೆರವಾಗುವ ಗುಣಗಳೇ ಉಳಿಯುತ್ತವೆ ಎಂದು ಹೇಳಿದವನ ಎದುರಿಗೆ, ಓಡಲೂ ಹಾರಲೂ ಅಡ್ಡಿಯಾಗುವ ಇಷ್ಟುದ್ದದ ಗರಿಗಳನ್ನು ಹೊತ್ತ ಹಕ್ಕಿ ನಿಂತಿತ್ತು. ನವಿಲುಗರಿ ಕಂಡರೆ ತನಗೆ ಹೊಟ್ಟೆ ತೊಳೆಸುತ್ತದೆ ಎಂಬರ್ಥದಲ್ಲಿ 1860ರಲ್ಲಿ ಅವನು ಗೆಳೆಯ ಏಸಾ ಗ್ರೇಗೆ ಪತ್ರ ಬರೆದ. ಹನ್ನೊಂದು ವರ್ಷದ ನಂತರ, 1871ರಲ್ಲಿ, ಮನುಷ್ಯನ ಹುಟ್ಟಿನ ಬಗೆಗಿನ ಪುಸ್ತಕದಲ್ಲಿ ಉತ್ತರ ಕೊಟ್ಟ: ಹೆಣ್ಣುನವಿಲಿಗೆ ಆ ಗರಿ ಇಷ್ಟ, ಅದಕ್ಕೇ ಅದು ಉಳಿಯಿತು. ಇದಕ್ಕೆ ಅವನಿಟ್ಟ ಹೆಸರು ಲೈಂಗಿಕ ಆಯ್ಕೆ. ಹಕ್ಕಿಗೆ ಅಭಿರುಚಿ ಎಂಬುದುಂಟೇ ಎಂದು ಅವನ ಕಾಲದ ಗಂಡಸರು ನಕ್ಕರು. ಆ ವಾದ ಇಂದಿಗೂ ಮುಗಿದಿಲ್ಲ. ಇಂಗ್ಲೆಂಡಿನಲ್ಲಿ ಮರಿಯನ್ ಪೆಟ್ರಿ ಗರಿಯ ಕಣ್ಣುಗಳನ್ನು ಎಣಿಸಿ, ಹೆಚ್ಚು ಕಣ್ಣಿರುವ ಗಂಡಿಗೆ ಹೆಚ್ಚು ಹೆಣ್ಣು ಎಂದರು. ಜಪಾನಿನಲ್ಲಿ ಏಳು ವರ್ಷ ನೋಡಿದ ಮಾರಿಕೊ ತಾಕಾಹಾಶಿ ಮತ್ತು ಜೊತೆಗಾರರು, ಹಾಗೇನೂ ಕಾಣಲಿಲ್ಲ ಎಂದು 2008ರಲ್ಲಿ ಬರೆದರು. ಬಂಕಾಪುರದ ಕೋಟೆಯೊಳಗಿನ ನವಿಲುಗಳನ್ನು ಯಾರಾದರೂ ಹೀಗೆ ಕೂತು ಎಣಿಸಿದರೆ ಚೆನ್ನಾಗಿರುತ್ತಿತ್ತು.

ಇದೇ ಡಾರ್ವಿನ್ ಮನುಷ್ಯರ ವಿಷಯಕ್ಕೆ ಬಂದಾಗ ಮಾತು ತಿರುಗಿಸಿಬಿಟ್ಟ. ಹಕ್ಕಿಗಳಲ್ಲಿ ಆರಿಸುವುದು ಹೆಣ್ಣು, ಮನುಷ್ಯರಲ್ಲಿ ಮಾತ್ರ ಗಂಡು ಬಲಶಾಲಿಯಾದ್ದರಿಂದ ಆಯ್ಕೆಯ ಅಧಿಕಾರ ಅವನ ಕೈ ಸೇರಿದೆ ಎಂದ. ಅವನ ಸ್ವಂತ ಮದುವೆ ನೋಡಿದರೆ ಅದೂ ಅಷ್ಟು ಸರಳವಲ್ಲ. 1838ರಲ್ಲಿ ಕಾಗದದ ಮೇಲೆ ಗೆರೆ ಎಳೆದು, ಒಂದು ಕಡೆ ಮದುವೆಯಾದರೆ ಏನು ಲಾಭ, ಇನ್ನೊಂದು ಕಡೆ ಆಗದಿದ್ದರೆ ಏನು ಲಾಭ ಎಂದು ಪಟ್ಟಿ ಮಾಡಿದ. ಜೊತೆಗೊಬ್ಬರು ಇರುತ್ತಾರೆ, ಏನೇ ಆದರೂ ನಾಯಿಗಿಂತ ವಾಸಿ ಎಂಬ ಸಮಾಧಾನವೂ ಅದರಲ್ಲಿದೆ. ಲೆಕ್ಕವೆಲ್ಲ ಮುಗಿಸಿ ಮರುವರ್ಷ ಜನವರಿಯಲ್ಲಿ ಮದುವೆಯಾದದ್ದು ಸೋದರಮಾವನ ಮಗಳು ಎಮ್ಮಾಳನ್ನು. ಜೀವಜಗತ್ತಿನಲ್ಲಿ ಆಯ್ಕೆ ಹೇಗೆ ನಡೆಯುತ್ತದೆ ಎಂದು ಪ್ರಪಂಚಕ್ಕೆ ಹೇಳಿಕೊಟ್ಟವನಿಗೆ ಹೆಣ್ಣು ಸಿಕ್ಕಿದ್ದು ಮಾವನ ಮನೆಯಲ್ಲಿ.

ಡಾರ್ವಿನ್ ಬಿಟ್ಟ ಎಳೆಯನ್ನು ನೂರು ವರ್ಷದ ಮೇಲೆ ಎತ್ತಿಕೊಂಡವರು ರಾಬರ್ಟ್ ಟ್ರಿವರ್ಸ್. 1972ರ ಅವರ ಲೇಖನದ ತಿರುಳು ಒಂದು ಲೆಕ್ಕ. ಮರಿಗಾಗಿ ಯಾರು ಹೆಚ್ಚು ಕಳೆದುಕೊಳ್ಳುತ್ತಾರೋ ಅವರು ಹೆಚ್ಚು ಎಚ್ಚರದಿಂದ ಆರಿಸುತ್ತಾರೆ. ಕಡಿಮೆ ಕಳೆದುಕೊಳ್ಳುವವರು ಅವರ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಮನುಷ್ಯರಲ್ಲಿ ಒಂಬತ್ತು ತಿಂಗಳು ಹೊರುವುದು, ಆಮೇಲೆ ವರ್ಷಗಟ್ಟಲೆ ಹಾಲೂಡುವುದು ಯಾರೆಂದು ಹೇಳಬೇಕಿಲ್ಲ. ಹಾಗಾಗಿ ಮಗುವನ್ನು ಸಾಕಬಲ್ಲವನನ್ನು ಹೆಣ್ಣು, ಮಗುವನ್ನು ಹೆರಬಲ್ಲವಳನ್ನು ಗಂಡು ಹುಡುಕುವಂತೆ ಲಕ್ಷಾಂತರ ವರ್ಷಗಳಲ್ಲಿ ನಮ್ಮ ಮನಸ್ಸು ರೂಪುಗೊಂಡಿದೆ ಎಂಬುದು ವಿಕಾಸ ಮನೋವಿಜ್ಞಾನದ ಮೂಲ ವಾದ. ಒಂದು ಎಚ್ಚರಿಕೆ ಮಾತ್ರ ಬೇಕು. ಯಾರೂ ಕೂತು ಲೆಕ್ಕ ಹಾಕಿ ಪ್ರೀತಿಸುತ್ತಾರೆ ಎಂದು ಇವರು ಹೇಳುತ್ತಿಲ್ಲ. ಬೆಲ್ಲ ಸಿಹಿಯೆನಿಸುವುದು ಅದರಲ್ಲಿರುವ ಶಕ್ತಿಯನ್ನು ನಾವು ಅಳೆದುದರಿಂದಲ್ಲ. ಸಿಹಿ ಇಷ್ಟಪಟ್ಟ ಪೂರ್ವಿಕರು ಹಸಿವಿನ ಕಾಲ ದಾಟಿ ಉಳಿದದ್ದರಿಂದ. ಪ್ರೀತಿಯೂ ಆ ಬಗೆಯ ಒಂದು ರುಚಿ ಎನ್ನುವುದು ಇವರ ಮಾತು.

ಇದನ್ನು ಪರೀಕ್ಷಿಸಲು ಡೇವಿಡ್ ಬಸ್ 33 ದೇಶಗಳಲ್ಲಿ, 37 ಸಂಸ್ಕೃತಿಗಳಲ್ಲಿ 10,047 ಜನರಿಗೆ ಪ್ರಶ್ನಾವಳಿ ಕೊಟ್ಟು 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರತವೂ ಅದರಲ್ಲಿತ್ತು. ಹೆಂಗಸರು ಸಂಪಾದನೆಗೆ ಗಂಡಸರಿಗಿಂತ ಹೆಚ್ಚು ಬೆಲೆ ಕೊಟ್ಟರು. ಗಂಡಸರು ರೂಪಕ್ಕೆ, ತಮಗಿಂತ ಕಿರಿಯ ವಯಸ್ಸಿಗೆ. ಪತ್ರಿಕೆಗಳು ಇದನ್ನೇ ಹಿಡಿದು ಕುಣಿದವು. ಆದರೆ ಅದೇ ಪಟ್ಟಿಯಲ್ಲಿ ಗಂಡಸರೂ ಹೆಂಗಸರೂ ಇವೆರಡಕ್ಕಿಂತ ಮೇಲಿಟ್ಟದ್ದು ಪರಸ್ಪರ ಒಲವು, ನಂಬಿಕೆಗೆ ಅರ್ಹವಾದ ನಡತೆ, ಒಳ್ಳೆಯ ಸ್ವಭಾವ, ಬುದ್ಧಿ. ಅದು ಸುದ್ದಿಯಾಗಲಿಲ್ಲ. ದೇಶ ದೇಶಗಳ ನಡುವೆ ಅತಿ ಹೆಚ್ಚು ಅಂತರ ಕಂಡದ್ದು ಮದುವೆಗೆ ಮುಂಚಿನ ಶೀಲದ ವಿಷಯದಲ್ಲಿ: ಚೀನಾ, ಭಾರತ, ಇರಾನಿನವರಿಗೆ ಅದು ಬಹಳ ಮುಖ್ಯ, ಸ್ವೀಡನ್ನಿನವರಿಗೆ ಲೆಕ್ಕಕ್ಕೇ ಇಲ್ಲ. ಎಲ್ಲರಿಗೂ ಒಂದೇ ಮನಸ್ಸು ಎಂದು ಹೇಳಲು ಹೊರಟವರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು. ಹತ್ತು ವರ್ಷದ ನಂತರ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಅದೇ ಅಂಕಿಗಳನ್ನು ಮತ್ತೆ ಕೂಡಿ ಕಳೆದು, ಹೆಣ್ಣಿಗೆ ಸಮಾನ ಅವಕಾಶ ಹೆಚ್ಚಿರುವ ದೇಶಗಳಲ್ಲಿ ಈ ಗಂಡು–ಹೆಣ್ಣಿನ ವ್ಯತ್ಯಾಸವೂ ಕಡಿಮೆ ಎಂದು ತೋರಿಸಿದರು. ತನ್ನ ಸಂಬಳ ತನಗಿರುವವಳು ಗಂಡನ ಸಂಬಳ ಕೇಳುವ ದನಿಯೇ ಬೇರೆ. 2020ರಲ್ಲಿ 45 ದೇಶಗಳ 14,399 ಜನರ ಮೇಲೆ ಇದೇ ಪ್ರಯೋಗ ಮತ್ತೆ ನಡೆಯಿತು. ಬಸ್ ಹೇಳಿದ ವ್ಯತ್ಯಾಸಗಳು ಅಲ್ಲೂ ಕಂಡವು. ಆದ್ದರಿಂದ ಇದನ್ನು ಪೂರಾ ತಳ್ಳಿಹಾಕುವುದಕ್ಕೂ ನಾನು ಸಿದ್ಧಳಿಲ್ಲ.

ಸೊಂಟ–ನಿತಂಬದ ಅಳತೆ, ತಿಂಗಳ ಯಾವ ದಿನ ಹೆಣ್ಣಿಗೆ ಎಂಥ ಗಂಡು ಹಿಡಿಸುತ್ತದೆ, ಬೆವರಿನ ವಾಸನೆ, ಇಂಥವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೊಂಟದ ಅಳತೆ ನಿತಂಬದ 0.7ರಷ್ಟಿದ್ದರೆ ಚೆಲುವು ಎಂದು ಟೆಕ್ಸಾಸಿನಲ್ಲಿದ್ದ ದೇವೇಂದ್ರ ಸಿಂಗ್ 1993ರಲ್ಲಿ ಬರೆದರು. ಪೆರು ದೇಶದ ಕಾಡಿನ ಮಾತ್ಸಿಗೆಂಕಾ ಜನರಿಗೆ ಅದೇ ಚಿತ್ರಗಳನ್ನು ತೋರಿಸಿದಾಗ, ತೆಳುಸೊಂಟದವಳು ಕಾಯಿಲೆಯಿಂದ ಸೊರಗಿದವಳಂತೆ ಕಂಡಳು. ತಿಂಗಳ ದಿನಗಳ ಸಂಗತಿ ಒಂದು ಕಾಲಕ್ಕೆ ಬಹಳ ಸದ್ದು ಮಾಡಿತ್ತು. ಹೆಚ್ಚು ಜನರನ್ನಿಟ್ಟುಕೊಂಡು ಮತ್ತೆ ನೋಡಿದಾಗ ಅದರ ಬಹುಪಾಲು ನಿಲ್ಲಲಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಈ ಪ್ರಶ್ನಾವಳಿಗಳಿಗೆಲ್ಲ ಉತ್ತರ ಬರೆದವರು ಬಹುಪಾಲು ಹರೆಯದವರು, ಅದರಲ್ಲೂ ಕಾಲೇಜಿನಲ್ಲಿ ಓದುತ್ತಿದ್ದವರು. ನಿನಗೆ ಎಂಥವನು ಬೇಕು, ಎಂಥವಳು ಬೇಕು ಎಂದು ಅವರನ್ನು ಕೇಳಿದರು. ಮನುಷ್ಯ ಚರಿತ್ರೆಯ ಬಹುಭಾಗದಲ್ಲಿ ಈ ಪ್ರಶ್ನೆಯನ್ನು ಹರೆಯದವರಿಗೆ ಯಾರೂ ಕೇಳಿಲ್ಲ.

ನನ್ನ ತಂದೆ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ನನ್ನ ಮದುವೆಗೆ ಗಂಡು ಹುಡುಕಿದ ಎರಡು ವರ್ಷಗಳ ಲೆಕ್ಕ. ಅಪ್ಪ ನೀಟಾಗಿ ಗೆರೆ ಹಾಕಿದ್ದರು: ಹುಡುಗನ ಹೆಸರು, ಊರು, ಗೋತ್ರ, ನಕ್ಷತ್ರ, ನೌಕರಿ, ಜಮೀನು, ಒಡಹುಟ್ಟಿದವರು, ಕೊನೆಗೆ ಷರಾ. ಷರಾದಲ್ಲಿ ಚಿಕ್ಕ ಚಿಕ್ಕ ಮಾತು. 'ತಾಯಿ ಜೋರು.' 'ಇಬ್ಬರು ತಂಗಿಯರ ಮದುವೆ ಬಾಕಿ.' 'ಸ್ವಂತ ಮನೆ, ಬಾವಿ ಉಂಟು.' 'ಕೇಳಿದ್ದು ಹೆಚ್ಚು.' ಡಾರ್ವಿನ್ನನ ಪಟ್ಟಿಯನ್ನು ನಾನು ಪಾಠ ಮಾಡುವಾಗ ಎಷ್ಟೋ ಸಲ ಓದಿದ್ದೆ. ಅಪ್ಪನದು ಅದಕ್ಕಿಂತ ಶಿಸ್ತಾಗಿತ್ತು. ಡಾರ್ವಿನ್ ತನ್ನ ಪಟ್ಟಿ ತಾನೇ ಮಾಡಿಕೊಂಡ, ನನ್ನದನ್ನು ಅಪ್ಪ ಮಾಡಿದರು, ಅಷ್ಟೇ ವ್ಯತ್ಯಾಸ. ಹುಡುಗನ ಮುಖ ಹೇಗಿದೆ, ನಗುತ್ತಾನೋ ಇಲ್ಲವೋ ಎಂಬುದಕ್ಕೆ ಅಲ್ಲಿ ಮನೆ ಇರಲಿಲ್ಲ. ಆ ಕಡೆಯವರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಏನಿತ್ತೋ. 'ಹುಡುಗಿಯ ಬಣ್ಣ ಸ್ವಲ್ಪ ಕಡಿಮೆ' ಎಂದು ಹೇಳಿ ಕಳಿಸಿದವರೂ ಇದ್ದರು. ಉಪ್ಪಿಟ್ಟು ತಿಂದೇ ಹೋಗಿದ್ದರು.

ಇದು ನಮ್ಮ ಕಡೆಯ ವಿಚಿತ್ರವಲ್ಲ. ಸೈಪ್ರಸ್ಸಿನ ಮನೋವಿಜ್ಞಾನಿ ಮೆನೆಲಾವೊಸ್ ಅಪೋಸ್ಟೊಲೂ ಬೇಟೆ ಮತ್ತು ಸಂಗ್ರಹದಿಂದ ಬದುಕುವ 190 ಸಮುದಾಯಗಳ ವಿವರಗಳನ್ನು ಜೋಡಿಸಿ 2007ರಲ್ಲಿ ಪ್ರಕಟಿಸಿದರು. ಸುಮಾರು ಶೇ. 70ರಲ್ಲಿ ಮದುವೆಯ ಮುಖ್ಯ ದಾರಿ ತಂದೆತಾಯಿಯ ಏರ್ಪಾಟು. ಹೊಲವಿಲ್ಲ, ಮನೆಯಿಲ್ಲ, ಜಾತಕವಿಲ್ಲ, ಆದರೂ ಹಿರಿಯರೇ ಕೂತು ಮಾತಾಡಿ ಮುಗಿಸುತ್ತಾರೆ. 2011ರಲ್ಲಿ ರಾಬರ್ಟ್ ವಾಕರ್ ಮತ್ತು ಸಂಗಡಿಗರು ಇಂಥ ಸಮುದಾಯಗಳನ್ನು ಡಿಎನ್‌ಎ ವಂಶವೃಕ್ಷದ ಮೇಲೆ ಕೂರಿಸಿ ನೋಡಿ, ಹಿರಿಯರು ಕುದುರಿಸುವ ಮದುವೆ ನಮ್ಮ ಪೂರ್ವಿಕರು ಆಫ್ರಿಕಾ ಬಿಟ್ಟು ಹೊರಟ ಕಾಲದಷ್ಟಾದರೂ ಹಳೆಯದಿರಬೇಕು ಎಂದರು. ಹಾಗಾದರೆ ಐವತ್ತು ಸಾವಿರ ವರ್ಷಗಳ ಆರಿಸುವಿಕೆಯಲ್ಲಿ ವಿಕಾಸ ತಿದ್ದಿ ತೀಡಿದ್ದು ಯಾರ ಅಭಿರುಚಿಯನ್ನು? ಹುಡುಗಿಯದೋ, ಅವಳ ಅಪ್ಪನದೋ?

ಇಬ್ಬರ ಅಭಿರುಚಿ ಬೇರೆ ಬೇರೆ ಏಕೆ ಎಂಬುದಕ್ಕೂ ಟ್ರಿವರ್ಸ್ ಬಳಿ ಲೆಕ್ಕವಿದೆ. 1974ರಲ್ಲಿ ಅವರು ಬರೆದದ್ದನ್ನು ನಮ್ಮ ಜಗುಲಿಗೆ ಇಳಿಸಿ ಹೇಳುತ್ತೇನೆ. ಅಪ್ಪನಿಗೆ ನಾಲ್ಕು ಮಕ್ಕಳೂ ಸಮ, ಪ್ರತಿಯೊಬ್ಬರಲ್ಲೂ ಅವನದು ಅರ್ಧ. ಮಗಳಿಗೆ ತಾನು ಪೂರ್ತಿ, ಒಡಹುಟ್ಟಿದವರು ಅರ್ಧ. ದೊಡ್ಡ ಮಗಳ ಮದುವೆಯಿಂದ ಉಳಿದ ಮೂವರಿಗೆ ಏನಾದರೂ ದಕ್ಕುವುದಾದರೆ, ಅಂದರೆ ಒಂದು ಒಳ್ಳೆಯ ನೆಂಟಸ್ತನ, ತಮ್ಮನಿಗೊಂದು ಕೆಲಸ, ಬೆನ್ನಿಗೆ ನಿಲ್ಲುವ ಒಂದು ಮನೆತನ, ಅಪ್ಪ ಅವಳ ಮನಸ್ಸಿನ ಸಂತೋಷದಲ್ಲಿ ಸ್ವಲ್ಪ ಚೌಕಾಶಿ ಮಾಡಲು ತಯಾರು. ಅವಳು ತಯಾರಿಲ್ಲ. ಇದರಲ್ಲಿ ಅಪ್ಪನ ದುಷ್ಟತನವೂ ಇಲ್ಲ, ಮಗಳ ಸ್ವಾರ್ಥವೂ ಇಲ್ಲ. ಇಬ್ಬರ ತಕ್ಕಡಿ ಬೇರೆ. ನೆದರ್ಲೆಂಡ್ಸಿನ ಬ್ರಾಮ್ ಬುಂಕ್ ಮತ್ತು ಜೊತೆಗಾರರು ಯುವಕ ಯುವತಿಯರನ್ನು ಕೇಳಿದರು: ಎಂಥ ಸಂಗಾತಿಯನ್ನು ತಂದರೆ ನಿಮಗೆ ಸಹಿಸಲಾಗದು, ಎಂಥವರನ್ನು ತಂದರೆ ನಿಮ್ಮ ತಂದೆತಾಯಿಗೆ? ಮೈವಾಸನೆ, ಕುರೂಪ, ಹಾಸ್ಯಪ್ರಜ್ಞೆ ಇಲ್ಲದಿರುವುದು, ಇವು ತಮಗಾಗದ್ದು. ಬಡತನ, ಕೆಳಗಿನ ಅಂತಸ್ತು, ಬೇರೆ ಜನಾಂಗ, ಇವು ತಂದೆತಾಯಿಗಾಗದ್ದು. ಮದುವೆ ಮನೆಯಲ್ಲಿ ಒಬ್ಬೊಬ್ಬರ ಆಸೆ ಒಂದೊಂದು ಎಂದು ಪಟ್ಟಿ ಕೊಟ್ಟು, ಉಳಿದ ಜನರಿಗೆ ಮಾತ್ರ ಊಟವೊಂದೇ ಎಂದು ಮುಗಿಸುವ ಸಂಸ್ಕೃತ ಸುಭಾಷಿತವೊಂದಿದೆ. ಅದನ್ನು ಬರೆದವನಿಗೆ ಪ್ರಶ್ನಾವಳಿ ಬೇಕಾಗಿರಲಿಲ್ಲ.

ಆದರೆ ಅಪ್ಪಂದಿರೇ ಎಲ್ಲ ತೀರ್ಮಾನಿಸುತ್ತಿದ್ದರೆ ಹರೆಯದ ಕಣ್ಣಿನ ಆ ಸೆಳೆತ ಉಪಯೋಗವಿಲ್ಲದೆ ಎಂದೋ ಬತ್ತಿಹೋಗಬೇಕಿತ್ತು. ಬತ್ತಲಿಲ್ಲ. ಅದಕ್ಕೆ ಕಾರಣ ಹಿರಿಯರ ಬೇಲಿಯಲ್ಲಿ ಯಾವಾಗಲೂ ಒಂದೆರಡು ಕಂಡಿ ಇದ್ದದ್ದು. ಬೋಟ್ಸ್ವಾನಾದ ಕುಂಗ್ ಜನಾಂಗದ ಹೆಂಗಸೊಬ್ಬಳು ತನ್ನ ಬದುಕನ್ನು ಮಾರ್ಜರಿ ಶೋಸ್ಟಾಕ್ ಎಂಬ ಮಾನವಶಾಸ್ತ್ರಜ್ಞೆಗೆ ಹೇಳಿಕೊಂಡದ್ದು 'ನೀಸಾ' ಎಂಬ ಪುಸ್ತಕವಾಗಿ 1981ರಲ್ಲಿ ಬಂತು. ಮೊದಲ ಮದುವೆಗಳು ಅಪ್ಪ ಅಮ್ಮ ಮಾಡಿದ್ದು, ಇನ್ನೂ ಎಳೆಯ ಹುಡುಗಿ ಅವಳು. ಬೇಡ ಎನ್ನುತ್ತಾಳೆ, ಅಳುತ್ತಾಳೆ, ರಾತ್ರಿ ಕಾಡಿಗೆ ಓಡಿಹೋಗುತ್ತಾಳೆ. ಆ ಮದುವೆಗಳು ಮುರಿಯುತ್ತವೆ. ದೊಡ್ಡವಳಾದ ಮೇಲೆ ಅವಳ ಇಷ್ಟಕ್ಕೂ ಬೆಲೆ ಬರುತ್ತದೆ. ಮೊದಲ ಮದುವೆ ಹಿರಿಯರದು, ಆಮೇಲಿನದು ತನ್ನದು: ಇದು ಬಹಳ ಕಡೆ ಕಾಣುವ ರೀತಿ. ನಮ್ಮಲ್ಲೂ ಅನೇಕ ಜಾತಿಗಳಲ್ಲಿ ಉಡಿಕೆ, ಕೂಡಿಕೆ ಎಂದು ಕರೆಯುತ್ತಿದ್ದ ಎರಡನೆಯ ಮದುವೆ ಇತ್ತಲ್ಲ. ಮಂಟಪವಿಲ್ಲ, ವಾಲಗವಿಲ್ಲ, ಸೀರೆ ಉಡಿಸಿದರೆ ಮುಗಿಯಿತು. ಆ ಮದುವೆಯಲ್ಲಿ ಹೆಣ್ಣಿನ ಮಾತು ನಡೆಯುತ್ತಿದ್ದಷ್ಟು ಧಾರೆಯ ಮದುವೆಯಲ್ಲಿ ನಡೆಯುತ್ತಿರಲಿಲ್ಲ. ಸ್ವಯಂವರ ಎಂಬ ಹೆಸರು ಕೇಳಿ ಮೋಸಹೋಗಬೇಡಿ. ದ್ರೌಪದಿಯ ಸ್ವಯಂವರದಲ್ಲಿ ಆರಿಸಿದ್ದು ಅಪ್ಪ ಕಟ್ಟಿಸಿದ ಮತ್ಸ್ಯಯಂತ್ರ.

ಇನ್ನೊಂದು ಕಂಡಿ, ಒಲ್ಲೆ ಎನ್ನುವುದು. ಇದಕ್ಕೆ ನಾನು ನೋಡಿದ ಅತಿ ಗಟ್ಟಿ ಸಾಕ್ಷ್ಯ ತೈವಾನಿನದು. ಅಲ್ಲಿ ಬಡವರ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣುಕೂಸನ್ನು ಎಳೆತನದಲ್ಲೇ ಇನ್ನೊಂದು ಮನೆಗೆ ಕೊಟ್ಟುಬಿಡುವುದು. ಅವಳು ಆ ಮನೆಯ ಹುಡುಗನ ಜೊತೆ ಅಕ್ಕ ತಮ್ಮನಂತೆ ಬೆಳೆದು, ದೊಡ್ಡವಳಾದಾಗ ಅವನನ್ನೇ ಮದುವೆಯಾಗುವುದು. ಹಿರಿಯರಿಗೆ ಎಲ್ಲ ಲಾಭ: ಮದುವೆಯ ಖರ್ಚಿಲ್ಲ, ಸೊಸೆ ಅತ್ತೆಯ ಕೈಕೆಳಗೇ ಪಳಗಿದವಳು. ಜಪಾನೀಯರ ಆಳ್ವಿಕೆಯಲ್ಲಿ ಬರೆದಿಟ್ಟ ಮನೆ ದಾಖಲೆಗಳನ್ನು ಹಿಡಿದು ಆರ್ಥರ್ ವುಲ್ಫ್ 14,000ಕ್ಕೂ ಹೆಚ್ಚು ಮದುವೆಗಳನ್ನು ಹೋಲಿಸಿ ನೋಡಿದರು. ಹೀಗೆ ಜೊತೆಗೆ ಬೆಳೆದವರ ಮದುವೆಗಳಲ್ಲಿ ಮಕ್ಕಳು ಕಡಿಮೆ, ಬಿಡುಗಡೆ ಹೆಚ್ಚು. ಹೊಸ ದಂಪತಿ ಓಡಿಹೋಗದಂತೆ ಕೋಣೆಯ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಲ್ಲಬೇಕಾಯಿತು ಎಂದು ಒಬ್ಬ ಮುದುಕ ಅವರಿಗೆ ಹೇಳಿದ್ದನಂತೆ. ಎಳವೆಯಲ್ಲಿ ಒಟ್ಟಿಗೆ ಬೆಳೆದವರಲ್ಲಿ ಆಸೆ ಹುಟ್ಟುವುದಿಲ್ಲ ಎಂದು ಫಿನ್ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಷ್ಟು ಹಿಂದೆಯೇ ಹೇಳಿದ್ದ. ಆಸೆಯೇ ಇಲ್ಲದಿದ್ದರೆ ಒಡಹುಟ್ಟಿದವರ ಮದುವೆಗೆ ನಿಷೇಧ ಯಾಕೆ ಬೇಕು ಎಂದು ಫ್ರಾಯ್ಡ್ ಅದನ್ನು ತಳ್ಳಿಹಾಕಿದ. ಇಸ್ರೇಲಿನ ಕೂಡುಬಾಳಿನ ಊರುಗಳಾದ ಕಿಬ್ಬುಟ್ಸ್‌ಗಳಲ್ಲಿ ಒಂದೇ ಶಿಶುಮನೆಯಲ್ಲಿ ಬೆಳೆದವರ ವಿಷಯದಲ್ಲಿ ಜೋಸೆಫ್ ಶೆಫರ್ 2,769 ಮದುವೆಗಳನ್ನು ಎಣಿಸಿ 1971ರಲ್ಲಿ ಬರೆದದ್ದೂ ವೆಸ್ಟರ್‌ಮಾರ್ಕ್ ಕಡೆಗೇ ವಾಲಿತು: ಹುಟ್ಟಿದಂದಿನಿಂದ ಆರು ವರ್ಷ ಬಿಡದೆ ಜೊತೆಗಿದ್ದವರಲ್ಲಿ ಒಂದು ಮದುವೆಯೂ ಆಗಿರಲಿಲ್ಲ.

ಇಲ್ಲಿಗೆ ಬಂದಾಗ ನಮ್ಮ ಮನೆಗಳ ನೆನಪಾಗದೆ ಇರುವುದಿಲ್ಲ. ಇಂಗ್ಲಿಷಿನವರಿಗೆ ದೊಡ್ಡಪ್ಪನ ಮಗನೂ ಸೋದರಮಾವನ ಮಗನೂ ಒಂದೇ 'ಕಸಿನ್'. ಕನ್ನಡದಲ್ಲಿ ಒಬ್ಬ ಅಣ್ಣ, ಇನ್ನೊಬ್ಬ ಭಾವ. ಅತ್ತೆ ಎಂದರೆ ಅಪ್ಪನ ತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂಬುದನ್ನು ತೊದಲುವ ಮಗುವಿಗೇ ನಮ್ಮ ಭಾಷೆ ಕಲಿಸಿಬಿಡುತ್ತದೆ. ಡಾರ್ವಿನ್ ಲೈಂಗಿಕ ಆಯ್ಕೆಯ ಪುಸ್ತಕ ತಂದ 1871ರಲ್ಲೇ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಲೋಕದ ನಂಟುಪದಗಳನ್ನೆಲ್ಲ ಒಟ್ಟುಹಾಕಿದ ದೊಡ್ಡ ಗ್ರಂಥ ತಂದರು, ಅದರಲ್ಲಿ ನಮ್ಮ ದ್ರಾವಿಡ ಭಾಷೆಗಳೂ ಇದ್ದವು. ಎರಡು ಪುಸ್ತಕಗಳೂ ಒಂದೇ ಪ್ರಶ್ನೆಯನ್ನು ಎರಡು ತುದಿಯಿಂದ ಹಿಡಿದಿದ್ದವು ಎಂದು ನನಗೆ ಅನಿಸುತ್ತದೆ.

ನನ್ನದೊಂದು ಊಹೆ, ಊಹೆಯೆಂದೇ ಇಟ್ಟುಕೊಳ್ಳಿ. ಕೂಡು ಕುಟುಂಬದಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಒಂದೇ ಅಂಗಳದಲ್ಲಿ, ಒಂದೇ ಚಾಪೆಯ ಮೇಲೆ ಬೆಳೆಯುತ್ತಾರೆ. ಅಲ್ಲಿ ಮದುವೆ ನಿಷಿದ್ಧ. ಸೋದರತ್ತೆ, ಸೋದರಮಾವನ ಮಕ್ಕಳು ಬೇರೆ ಊರಿನವರು, ಬೇಸಿಗೆ ರಜಕ್ಕೆ, ಜಾತ್ರೆಗೆ ಸಿಗುವವರು. ಅಲ್ಲಿ ಮದುವೆಗೆ ಅಡ್ಡಿಯಿಲ್ಲ. ವೆಸ್ಟರ್‌ಮಾರ್ಕ್ ಹೇಳಿದ ಜಿಗುಪ್ಸೆ ಎಲ್ಲಿ ಹುಟ್ಟಬೇಕೋ ಅಲ್ಲೇ ನಮ್ಮ ಭಾಷೆ ಗೆರೆ ಎಳೆದಂತಿದೆ. ಚಿಕ್ಕಮ್ಮನ ಮಕ್ಕಳು ಬೇರೆ ಊರಲ್ಲಿದ್ದರೂ ಅಣ್ಣ ತಂಗಿಯರೇ, ಆದ್ದರಿಂದ ಈ ಊಹೆಗೆ ತೂತೂ ಇದೆ.

ಅಕ್ಕನ ಮಗಳನ್ನು ಮಾಡಿಕೊಳ್ಳುವುದಂತೂ ಇನ್ನೂ ಹತ್ತಿರದ್ದು. ನನ್ನ ದೊಡ್ಡಮ್ಮನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. "ಮದ್ವೆಗೆ ಮುಂಚೆ ಮಾವ ಅಂತಿದ್ದೆ. ಆಮೇಲೆ ಏನನ್ನಬೇಕು ಅಂತಾನೇ ತಿಳೀದೆ ಕರಿಯೋದೇ ಬಿಟ್ಟೆ" ಎಂದು ನಗುತ್ತಿದ್ದಳು. ಇಂಥ ಮದುವೆಯನ್ನು ಯಾರು ಬಯಸುತ್ತಿದ್ದರು? ಹೆಚ್ಚಾಗಿ ಅಜ್ಜಿ. ಅವಳಿಗೆ ಗಂಡು ಮಗ, ಹೆಣ್ಣು ಮೊಮ್ಮಗಳು. ಸಾಧಾರಣವಾಗಿ ಮಗನ ಮಗುವಿನಲ್ಲಿ ಅಜ್ಜಿಯದು ಕಾಲುಭಾಗ. ಮಗ ಮೊಮ್ಮಗಳನ್ನೇ ಮದುವೆಯಾದರೆ ಆ ಮಗುವಿನಲ್ಲಿ ಅವಳದು ಕಾಲು ಮತ್ತು ಅರೆಕಾಲು, ಎಂಟರಲ್ಲಿ ಮೂರು. ಯಾವ ಅಜ್ಜಿಯೂ ಬೆರಳು ಮಡಚಿ ಈ ಲೆಕ್ಕ ಹಾಕಲಿಲ್ಲ. ಅವಳು ಹೇಳಿದ್ದು ಜಮೀನು ಹೊರಗೆ ಹೋಗುವುದಿಲ್ಲ, ಮಗಳ ಮಗಳು ಕಣ್ಣೆದುರಿಗಿರುತ್ತಾಳೆ, ಅತ್ತೆಯ ಕಾಟವಿಲ್ಲ ಎಂದು. ಲೆಕ್ಕದ ಇನ್ನೊಂದು ಬದಿ ಹೆರಿಗೆಯ ಕೋಣೆಯಲ್ಲಿ ಕಾಣುತ್ತಿತ್ತು. ಒಂದೇ ದೋಷದ ಜೀನು ತಾಯಿ ತಂದೆ ಇಬ್ಬರಿಂದಲೂ ಮಗುವಿಗೆ ಬಂದು ಸೇರುವ ಸಂಭವ ಇಂಥ ಮದುವೆಯಲ್ಲಿ ಹೆಚ್ಚು. ದೊಡ್ಡಮ್ಮನ ಎರಡನೆಯ ಮಗು ಕಿವುಡು. ಕಾರಣ ಇದೇ ಎಂದು ಖಚಿತವಾಗಿ ಹೇಳಲು ಬಾರದು.

1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆಯ ದೊಡ್ಡ ಕಾರ್ಯಕ್ರಮ ನಡೆಯಿತು. ಅಲನ್ ಬಿಟಲ್ಸ್, ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮೊದಲಾದವರು ಅದರ ಅಂಕಿ ಅಂಶಗಳಿಂದ ತಿಳಿಸಿದ್ದು, ಆ ತಾಯಂದಿರಲ್ಲಿ ಸುಮಾರು ಮೂವರಲ್ಲೊಬ್ಬರು ರಕ್ತಸಂಬಂಧದಲ್ಲೇ ಮದುವೆಯಾದವರು, ಸುಮಾರು ಐವರಲ್ಲೊಬ್ಬರು ಸೋದರಮಾವನನ್ನು. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ–ಸೋದರಸೊಸೆಯ ಸಂಬಂಧವನ್ನು ನಿಷಿದ್ಧವೆಂದೇ ಪಟ್ಟಿ ಮಾಡಿದೆ. ರೂಢಿಯಿದ್ದರೆ ಸರಿ ಎಂದು ಪಕ್ಕದಲ್ಲೇ ಬಾಗಿಲೂ ತೆರೆದಿಟ್ಟಿದೆ. ಡಾರ್ವಿನ್ನನಿಗೂ ಈ ಚಿಂತೆ ಕೊರೆಯುತ್ತಿತ್ತು. ಅವನ ಹತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. ಜನಗಣತಿಯಲ್ಲಿ ಸೋದರ ಸಂಬಂಧದ ಮದುವೆಗಳ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಎಂದು ಗೆಳೆಯ ಜಾನ್ ಲಬಕ್ ಮೂಲಕ 1870ರಲ್ಲಿ ಬ್ರಿಟಿಷ್ ಸಂಸತ್ತನ್ನು ಕೇಳಿಸಿದ. ಸಂಸತ್ತು ಒಪ್ಪಲಿಲ್ಲ.

ಈಗ ಲೆಕ್ಕದ ಪುಸ್ತಕದ ಜಾಗಕ್ಕೆ ಆ್ಯಪ್ ಬಂದಿದೆ. ಪಟ್ಟಿಯ ಮನೆಗಳು ಮಾತ್ರ ಹೆಚ್ಚು ಬದಲಾಗಿಲ್ಲ: ಜಾತಿ, ಒಳಜಾತಿ, ಗೋತ್ರ, ಸಂಬಳ. ಕೋಲ್ಕತ್ತದ ಬಂಗಾಳಿ ಪತ್ರಿಕೆಯ ವಧೂವರರ ಜಾಹೀರಾತುಗಳನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಅಧ್ಯಯನ ಮಾಡಿ 2013ರಲ್ಲಿ ಬರೆದ ಪ್ರಕಾರ, ಸ್ವಜಾತಿಯ ಆಸೆ ಬಲವಾದದ್ದು. ಆದರೆ ಜಾತಿಯನ್ನು ತೆಗೆದುಹಾಕಿದರೂ ಜೋಡಿಗಳ ಓದು, ಆದಾಯದ ಹೊಂದಾಣಿಕೆ ಅಷ್ಟೇನೂ ಬದಲಾಗದು. ಜಾತಿ ಹಿಡಿದು ಕೂತರೂ ಕೈಯಿಂದ ಏನೂ ಹೋಗುವುದಿಲ್ಲ, ಅದಕ್ಕೇ ಅದು ಉಳಿದಿದೆ. ಇನ್ನು ಬಾಯಲ್ಲಿ ಹೇಳುವ ಆಸೆಗೂ ಎದುರಿಗೆ ಬಂದವರನ್ನು ಕಂಡು ಹುಟ್ಟುವ ಆಸೆಗೂ ಸಂಬಂಧ ತೆಳು ಎಂದು ಅಮೆರಿಕದ ಪಾಲ್ ಈಸ್ಟ್‌ವಿಕ್ ಮತ್ತು ಎಲಿ ಫಿಂಕೆಲ್ 2008ರಲ್ಲಿ ತೋರಿಸಿದರು. ನಾಲ್ಕು ನಿಮಿಷಕ್ಕೊಬ್ಬರಂತೆ ಭೇಟಿ ಮಾಡಿಸಿದಾಗ, ಪಟ್ಟಿಯಲ್ಲಿ ಬರೆದದ್ದು ಒಂದು, ಇಷ್ಟಪಟ್ಟದ್ದು ಇನ್ನೊಂದು. 2017ರಲ್ಲಿ ಸಮಾಂತಾ ಜೋಯಲ್ ಅವರೊಂದಿಗೆ ಸೇರಿ, ನೂರಕ್ಕೂ ಹೆಚ್ಚು ಗುಣಗಳನ್ನು ಕಂಪ್ಯೂಟರಿಗೆ ಉಣಿಸಿ ಯಾರಿಗೆ ಯಾರು ಹಿಡಿಸುತ್ತಾರೆ ಹೇಳು ಎಂದರು. ಯಾರು ಎಲ್ಲರಿಗೂ ಹಿಡಿಸುತ್ತಾರೆ, ಯಾರಿಗೆ ಎಲ್ಲರೂ ಹಿಡಿಸುತ್ತಾರೆ ಎಂಬುದನ್ನು ಅದು ಒಂದಿಷ್ಟು ಊಹಿಸಿತು. ಇವಳಿಗೆ ಇವನೇ ಯಾಕೆ ಎಂಬುದು ಅದಕ್ಕೆ ಹತ್ತಲಿಲ್ಲ.

ಕೊನೆಯದಾಗಿ ಮಂಡ್ಯದ ಮಾತು. 2023ರ ಫೆಬ್ರವರಿಯಲ್ಲಿ ಆ ಜಿಲ್ಲೆಯ ಮದುವೆಯಾಗದ ಗಂಡುಗಳು, ಹೆಚ್ಚಿನವರು ರೈತರು, ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹೆಂಗಸರಿಗೆ ಸಂಪಾದನೆ ಮುಖ್ಯ ಎಂಬುದಕ್ಕೆ ಇದೇ ಸಾಕ್ಷಿ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಅಷ್ಟಕ್ಕೇ ನಿಲ್ಲಿಸಲು ನನಗಾಗಲಿಲ್ಲ. ಅದೇ ವರ್ಷದ ಕೊನೆಗೆ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದನ್ನು ಪೊಲೀಸರು ಬಯಲಿಗೆಳೆದರು. ಹೆಣ್ಣು ಕಡಿಮೆಯಾದದ್ದು ಹೆಣ್ಣುಗಳು ಒಲ್ಲೆ ಎಂದದ್ದರಿಂದ ಮಾತ್ರವಲ್ಲ. ಹಿರಿಯರ ಆಯ್ಕೆ ಅಲ್ಲಿ ಹೆಣ್ಣು ಹುಟ್ಟುವುದಕ್ಕೂ ಮೊದಲೇ ನಡೆದುಹೋಗಿತ್ತು.

ಹುಟ್ಟಿ ಬೆಳೆದು ಒಲ್ಲೆ ಎಂದವಳೊಬ್ಬಳು ನನಗೆ ಗೊತ್ತು, ನನ್ನ ವಿದ್ಯಾರ್ಥಿನಿ. ಆ ಕಡೆಯ ಹಳ್ಳಿಯವಳೇ. ಗಂಡು ಓದಿದವನು, ನಾಲ್ಕೆಕರೆ ನೀರಾವರಿ, ಅವಳ ಅಪ್ಪನ ಷರಾದಲ್ಲಿ ಎಲ್ಲ ಸರಿಯಿತ್ತು. ಯಾಕೆ ಬೇಡವೆಂದೆ ಎಂದು ಕೇಳಿದೆ.

"ಹುಡುಗ ಚೆನ್ನಾಗೇ ಇದ್ದ ಮೇಡಂ, ಮಾತೂ ಚೆನ್ನಾಗಿ ಆಡ್ದ. ನಮ್ಮನೆಯವರ ಜೊತೆ ನಾನೂ ಮನೆ ನೋಡಕ್ಕೆ ಹೋಗಿದ್ದೆ. ಎಲ್ರೂ ನಡುಮನೇಲಿ ಕಾಫಿ ಕುಡೀತಿದ್ರು, ನಾನು ಹಿತ್ತಲಿಗೆ ಹೋದೆ. ಅವರಮ್ಮ ಎರಡು ಕೊಡ ನೀರು ಹೊತ್ಕೊಂಡು ಬರ್ತಿದ್ರು. ನಲ್ಲಿ ಎಲ್ಲಿದೆ ಅಂತ ಕೇಳ್ದೆ. ಕೈ ತೋರ್ಸಿದ್ರು. ನಲ್ಲಿ ಕಾಣಿಸ್ಲೇ ಇಲ್ಲ ಮೇಡಂ."